ಲೇಸ್ ಶಾಲಿನ ಕೊನೆಯ ಸಾಲು, ಮುಂದಿನ ಹೆಣಿಗೆಯ ಮೊದಲ ಸಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಣಿಗೆ ಮಾಡುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡೇ ಜಾಗದಲ್ಲಿ ಹುಟ್ಟುತ್ತವೆ: ಲೇಸ್ ಶಾಲಿನ ಕೊನೆಯ ಹತ್ತು ಸಾಲು, ಅದಾದ ಮೇಲೆ ಹಿಡಿಯುವ ಕೆಲಸದ ಮೊದಲ ಹತ್ತು ಸಾಲು. ನಡುವಿನದನ್ನೆಲ್ಲ ಕೈ ತಾನಾಗಿಯೇ ಕಲಿತುಬಿಡುತ್ತದೆ. ತುದಿಗಳಲ್ಲಿ ಮಾತ್ರ ಆತುರ ಬಂದು ಸೇರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹೆಣೆದ ಶಾಲು ಒಂದು ಸಂಜೆಯ ಆತುರಕ್ಕೆ ಹಾಳಾಗಿದ್ದನ್ನು ನೋಡಿದ್ದೇನೆ, ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ. ಕಡ್ಡಿಯ ಮೇಲಿನ ಒಂದೊಂದು ಸ್ಟಿಚ್ಚಿಗೂ ಇಲ್ಲಿ ಕುಣಿಕೆ ಎಂದಿದ್ದೇನೆ.

ಶಾಲು ಮುಗಿಯುತ್ತಾ ಬಂತು. ನೋಡಿದರೆ ಮುದುಡಿದ ಬಟ್ಟೆಯ ಹಾಗಿದೆ, ವಿನ್ಯಾಸವೇ ಕಾಣುತ್ತಿಲ್ಲ. ಎಲ್ಲಿ ತಪ್ಪಿದೆ?

ಎಲ್ಲೂ ತಪ್ಪಿಲ್ಲ. ಕಡ್ಡಿಯ ಮೇಲಿರುವ ಲೇಸ್ ಹಾಗೆಯೇ ಕಾಣುವುದು. ಒಂದು ಕಡೆ ಕಡ್ಡಿಗೆ ನೂಲು ಸುತ್ತಿ ತೂತು ಮಾಡುತ್ತೇವೆ, ಇನ್ನೊಂದು ಕಡೆ ಎರಡು ಕುಣಿಕೆ ಕೂಡಿಸಿ ಹೆಣೆದು ಲೆಕ್ಕ ಸರಿದೂಗಿಸುತ್ತೇವೆ. ಈ ಕೂಡಿಸಿದ ಕುಣಿಕೆಗಳು ಅತ್ತ ಇತ್ತ ವಾಲಿ ಬಟ್ಟೆಯನ್ನು ಎಳೆಯುತ್ತವೆ, ತೂತುಗಳು ಮುಚ್ಚಿಕೊಳ್ಳುತ್ತವೆ. ಒದ್ದೆ ಮಾಡಿ, ಎಳೆದು, ಪಿನ್ ಹಾಕಿ ಒಣಗಿಸಿದಾಗಲೇ ಅವು ಕಣ್ಣು ಬಿಡುವುದು. ಉದ್ದಗಲ ಕಾಲು ಭಾಗದಷ್ಟು ಹೆಚ್ಚುವುದು ಸಾಮಾನ್ಯ ಸಂಗತಿ.

ಈಗಲೇ ಧೈರ್ಯ ಬೇಕೆಂದರೆ ಕಿಟಕಿಯ ಬಳಿ ಹೋಗಿ ಶಾಲಿನ ಅಂಗೈಯಗಲದ ಭಾಗವನ್ನು ಎರಡೂ ಕೈಗಳಿಂದ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಎಲೆಯೋ ವಜ್ರದಾಕಾರವೋ, ಏನಿದೆಯೋ ಅದು ಅಷ್ಟರಲ್ಲೇ ಮೂಡಿ ಬರುತ್ತದೆ. ಅಲ್ಲಿ ಕಂಡದ್ದೇ ನಿಮ್ಮ ಶಾಲು.

ಕೊನೆಯ ಸಾಲುಗಳು ಮುಗಿಯುವುದೇ ಇಲ್ಲವಲ್ಲ, ಏಕೆ? ನೂಲು ಸಾಲುತ್ತದೆಯೋ ಇಲ್ಲವೋ ಹೇಗೆ ಗೊತ್ತಾಗುವುದು?

ಕುತ್ತಿಗೆಯ ಕಡೆಯಿಂದ ಶುರುವಾಗಿ ಕೆಳಗೆ ಅಗಲವಾಗುತ್ತಾ ಹೋಗುವ ತ್ರಿಕೋನ ಶಾಲನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಪ್ರತಿ ಎರಡು ಸಾಲಿಗೆ 4 ಕುಣಿಕೆ ಹೆಚ್ಚುತ್ತವೆ. 50ನೇ ಸಾಲಿನಲ್ಲಿ ಸುಮಾರು 100 ಕುಣಿಕೆ, 100ನೇ ಸಾಲಿನಲ್ಲಿ 200, 150ನೇ ಸಾಲಿನಲ್ಲಿ 300. ಅಂದರೆ ಅರ್ಧ ಎತ್ತರ ಹೆಣೆದಾಗ ಖರ್ಚಾಗಿರುವುದು ಕಾಲು ಭಾಗ ನೂಲು ಮಾತ್ರ. ಎತ್ತರದ ಶೇ 70 ದಾಟಿದಾಗ ನೂಲು ಅರ್ಧಕ್ಕೆ ಬಂದಿರುತ್ತದೆ. ಉಂಡೆ ಇನ್ನೂ ದಪ್ಪಗಿದೆಯಲ್ಲ ಎಂದು ನಂಬಿ ಎರಡು ಸಾಲು ವಿನ್ಯಾಸ ಜಾಸ್ತಿ ಸೇರಿಸಿದವರು ಸಿಕ್ಕಿಬೀಳುವುದು ಇಲ್ಲೇ.

ಕಣ್ಣಳತೆ ಬೇಡ, ಅಡುಗೆಮನೆಯ ತಕ್ಕಡಿ ಸಾಕು. ಒಂದು ಸಾಲಿನ ತೂಕ ತೀರಾ ಕಡಿಮೆಯಾದ್ದರಿಂದ ನಾಲ್ಕು ಸಾಲು ಹೆಣೆಯುವ ಮೊದಲೊಮ್ಮೆ, ಹೆಣೆದ ಮೇಲೊಮ್ಮೆ ಉಂಡೆಯನ್ನು ತೂಗಿ. 6 ಗ್ರಾಂ ಇಳಿದಿದ್ದರೆ ಸಾಲಿಗೆ ಒಂದೂವರೆ ಗ್ರಾಂ. ಉಳಿದಿರುವುದು 15 ಗ್ರಾಂ ಎಂದುಕೊಳ್ಳಿ. ಬೈಂಡ್ ಆಫ್‌ಗೆ, ಅಂದರೆ ಕೊನೆಯಲ್ಲಿ ಕುಣಿಕೆಗಳನ್ನು ಕಡ್ಡಿಯಿಂದ ಇಳಿಸಿ ಅಂಚು ಮುಚ್ಚುವುದಕ್ಕೆ, ಮೂರು ಸಾಲಿನಷ್ಟು, ಹೆಚ್ಚುಕಡಿಮೆ 5 ಗ್ರಾಂ ಎತ್ತಿಟ್ಟುಬಿಡಿ. ಉಳಿದ 10 ಗ್ರಾಂನಲ್ಲಿ 6 ಸಾಲು ಬರುತ್ತದೆ. ಏಳನೆಯದಕ್ಕೆ ಆಸೆಪಡಬೇಡಿ.

ಬೈಂಡ್ ಆಫ್ ಎಷ್ಟು ಸಡಿಲವಾಗಿರಬೇಕು?

ನಿಮಗೆ ಸಡಿಲ ಅನ್ನಿಸುವುದಕ್ಕಿಂತ ಇನ್ನೂ ಸಡಿಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುತ್ತೀರಾದರೆ ಇದನ್ನು ಓದಿ.

ನನ್ನ ಮೊದಲ ಲೇಸ್ ಶಾಲಿಗೆ ಮಾಮೂಲಿ ಬೈಂಡ್ ಆಫ್ ಹಾಕಿದ್ದೆ. ಸ್ವೆಟರಿನ ಅಂಚಿಗೆ ಹಾಕುತ್ತೇವಲ್ಲ, ಒಂದರ ಮೇಲೊಂದು ಕುಣಿಕೆ ದಾಟಿಸುವುದು, ಅದೇ. ಕಡ್ಡಿ ಬಿಟ್ಟಾಗ ಅಂಚು ನೀಟಾಗಿ, ನೇರವಾಗಿ ಕಂಡಿತು. ಒದ್ದೆ ಮಾಡಿ ಹರಡಿದಾಗ ಒಳಗಿನ ಲೇಸೆಲ್ಲ ಹಿಗ್ಗುತ್ತಿದೆ, ಅಂಚು ಮಾತ್ರ ಬಿಲ್ಲಿನ ಹೆದೆಯ ಹಾಗೆ ಬಿಗಿದು ನಿಂತಿದೆ. ಚೂಪಾಗಿ ಹೊರಬರಬೇಕಿದ್ದ ಮೊನೆಗಳು ಒಂದೂ ಬರಲಿಲ್ಲ. ಒಣಗಿಸಿ, ಮುನ್ನೂರಕ್ಕೂ ಹೆಚ್ಚು ಕುಣಿಕೆಗಳ ಬೈಂಡ್ ಆಫ್ ಅನ್ನು ಒಂದೊಂದಾಗಿ ಬಿಡಿಸಿ ಮತ್ತೆ ಹಾಕಬೇಕಾಯಿತು. ಒಮ್ಮೆ ನೆನೆದು ಅಂಟಿಕೊಂಡ ಉಣ್ಣೆ ಬಿಚ್ಚುವುದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ಅಂದಿನಿಂದ ಹೀಗೆ ಮಾಡುತ್ತೇನೆ: ಎರಡು ಕುಣಿಕೆ ಹೆಣೆದು, ಅವೆರಡನ್ನೂ ಎಡಗಡ್ಡಿಗೆ ವಾಪಸು ಹಾಕಿ, ಹಿಂಬದಿಯಿಂದ ಕಡ್ಡಿ ತೂರಿಸಿ ಕೂಡಿಸಿ ಹೆಣೆಯುವುದು. ಬಲಗಡ್ಡಿಯಲ್ಲಿ ಒಂದು ಉಳಿಯುತ್ತದೆ. ಇನ್ನೊಂದು ಹೆಣೆದು, ಮತ್ತೆ ಎರಡನ್ನೂ ಎಡಕ್ಕೆ, ಮತ್ತೆ ಕೂಡಿಸಿ. ಬಲಗೈಗೆ ಒಂದೆರಡು ಅಳತೆ ದಪ್ಪದ ಕಡ್ಡಿ ತೆಗೆದುಕೊಂಡರೆ ಬಿಗಿ ಹಿಡಿಯುವ ಕೈಗೂ ಅಂಚು ಸಡಿಲವಾಗಿ ಬರುತ್ತದೆ. ಇಪ್ಪತ್ತು ಕುಣಿಕೆ ಆದ ಮೇಲೆ ನಿಲ್ಲಿಸಿ, ಆ ಭಾಗವನ್ನು ಜಗ್ಗಿ ನೋಡಿ. ಕೆಳಗಿನ ಬಟ್ಟೆ ಎಷ್ಟು ಹಿಗ್ಗುತ್ತದೆಯೋ ಅಂಚೂ ಅಷ್ಟೇ ಹಿಗ್ಗಬೇಕು. ಮೊದಲು ಅಂಚೇ ತಡೆದರೆ ಅಲ್ಲೇ ಬಿಚ್ಚಿ. ಇಪ್ಪತ್ತು ಬಿಚ್ಚುವುದು ಮುನ್ನೂರು ಬಿಚ್ಚುವುದಕ್ಕಿಂತ ಎಷ್ಟೋ ಮೇಲು.

ಬೈಂಡ್ ಆಫ್ ಇಲ್ಲದೆಯೂ ಶಾಲು ಮುಗಿಸಬಹುದು. ಅಂಚಿನ ಪಟ್ಟಿಯನ್ನು ಅಡ್ಡಕ್ಕೆ ಹೆಣೆಯುತ್ತಾ, ಒಂದು ಸಾಲು ಬಿಟ್ಟು ಒಂದು ಸಾಲಿನ ತುದಿಯಲ್ಲಿ ಶಾಲಿನ ಒಂದೊಂದು ಕುಣಿಕೆಯನ್ನು ಸೇರಿಸಿಕೊಂಡು ಹೋಗುವುದು ಒಂದು ದಾರಿ. ಎಸ್ಟೋನಿಯಾದ ಹಾಪ್ಸಾಲು ಶಾಲುಗಳಲ್ಲಿ ಅಂಚನ್ನು ಬೇರೆಯಾಗಿಯೇ ಹೆಣೆದು ನಂತರ ಸುತ್ತಲೂ ಹೊಲಿಯುವುದು ಸಂಪ್ರದಾಯ. ಸಮಯ ಹಿಡಿಯುತ್ತದೆ, ಆದರೆ ಅಷ್ಟು ಮೃದುವಾಗಿ ಹಿಗ್ಗುವ ಅಂಚು ಬೇರೆ ಸಿಗುವುದು ಕಷ್ಟ.

ಬೈಂಡ್ ಆಫ್ ಅರ್ಧದಲ್ಲಿರುವಾಗ ನೂಲು ಮುಗಿದುಹೋದರೆ?

ಬೈಂಡ್ ಆಫ್ ಬಿಚ್ಚಿ, ಎರಡು ಸಾಲು ಹಿಂದಕ್ಕೆ ಹೋಗಿ ಅಲ್ಲಿಂದ ಮುಗಿಸಿ. ಎರಡು ಸಾಲು ಕಡಿಮೆಯಾದದ್ದು ನಿಮ್ಮ ಹೊರತು ಯಾರಿಗೂ ಗೊತ್ತಾಗುವುದಿಲ್ಲ. ಅದೇ ದಪ್ಪದ ಬೇರೆ ಬಣ್ಣದ ನೂಲಿದ್ದರೆ ಅಂಚನ್ನು ಪೂರ್ತಿ ಅದರಲ್ಲೇ ಹಾಕುವುದೂ ಚಂದ. ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಮಾತ್ರ ಬೇಡ.

ನಲವತ್ತು ಸಾಲು ಕೆಳಗೆ ಒಂದು ತಪ್ಪು ಕಾಣುತ್ತಿದೆ. ಪೂರ್ತಿ ಬಿಚ್ಚಬೇಕೇ?

ಎಂಥ ತಪ್ಪು ಎಂಬುದರ ಮೇಲೆ ಹೋಗುತ್ತದೆ. ಕುಣಿಕೆ ಜಾರಿದ್ದರೆ ತಡಮಾಡಬೇಡಿ. ಅದು ಕೆಳಕೆಳಗೆ ಇಳಿಯುತ್ತಲೇ ಹೋಗುತ್ತದೆ. ತಕ್ಷಣ ಒಂದು ಸೇಫ್ಟಿ ಪಿನ್ ಹಾಕಿ ಹಿಡಿದಿಡಿ, ಆಮೇಲೆ ಸಮಾಧಾನವಾಗಿ ಕ್ರೋಶಾ ಕಡ್ಡಿಯಿಂದ ಮೇಲೆ ತನ್ನಿ, ಇಲ್ಲವೇ ಹಿಂಬದಿಯಲ್ಲಿ ಅದೇ ನೂಲಿನ ಚೂರಿನಿಂದ ಹೊಲಿದು ಕಟ್ಟಿ. ಒಂದು ತೂತು ಬಿಟ್ಟುಹೋಗಿದ್ದು ಮುಂದಿನ ಸಾಲಿನಲ್ಲೇ ಗೊತ್ತಾದರೆ ಎರಡು ಕುಣಿಕೆಗಳ ನಡುವಿನ ಅಡ್ಡ ನೂಲನ್ನು ಕಡ್ಡಿಗೆ ಎತ್ತಿಕೊಂಡರೆ ಮುಗಿಯಿತು. ಒಂದು ಕುಣಿಕೆ ಎಡಕ್ಕೆ ವಾಲುವ ಬದಲು ಬಲಕ್ಕೆ ವಾಲಿದೆ ಎಂದು ನಲವತ್ತು ಸಾಲು ಬಿಚ್ಚಬೇಡಿ. ಇಡೀ ವಿನ್ಯಾಸವೇ ಒಂದು ಕುಣಿಕೆ ಪಕ್ಕಕ್ಕೆ ಸರಿದಿದ್ದರೆ ಮಾತ್ರ ಬಿಚ್ಚಲೇಬೇಕು. ಅದು ಹರಡಿದ ಮೇಲೆ ಗೆರೆ ಎಳೆದಂತೆ ಎದ್ದು ಕಾಣುತ್ತದೆ.

ಮುಂದಿನ ಸಲಕ್ಕೆ ಲೈಫ್‌ಲೈನ್ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ವಿನ್ಯಾಸದ ಒಂದು ಸುತ್ತು ಮುಗಿದು, ಕುಣಿಕೆ ಎಣಿಸಿ ಲೆಕ್ಕ ಸರಿ ಇದೆ ಎಂದಾದ ಮೇಲೆ ದಬ್ಬಣದಲ್ಲಿ ನುಣುಪಾದ ತೆಳು ದಾರ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಒಳಗೂ ಹಾಯಿಸಿ ಬಿಡಿ. ಗುರುತಿಗೆಂದು ಕಡ್ಡಿಗೆ ಹಾಕಿದ ಉಂಗುರಗಳ, ಅಂದರೆ ಮಾರ್ಕರ್‌ಗಳ ಒಳಗೆ ಮಾತ್ರ ಹಾಯಿಸಬೇಡಿ, ಸಿಕ್ಕಿಕೊಳ್ಳುತ್ತವೆ. ಏನೇ ಎಡವಟ್ಟಾದರೂ ಬಿಚ್ಚುವುದು ಆ ದಾರದವರೆಗೆ ಮಾತ್ರ.

ನೂಲಿನ ತುದಿಗಳನ್ನು ಯಾವಾಗ ಅಡಗಿಸಬೇಕು?

ಒದ್ದೆ ಮಾಡುವ ಮೊದಲು ಹೊಲಿದು ಅಡಗಿಸಿ, ಆದರೆ ಕತ್ತರಿಸುವುದು ಒಣಗಿದ ಮೇಲೆ. ಎಳೆದಾಗ ತುದಿ ಒಳಗೆ ಸರಿಯುತ್ತದೆ, ಆಗ ಬಾಲ ಇರಬೇಕು. ತೂತುಗಳ ಮೇಲೆ ಹಾಯದೆ, ಒತ್ತಾಗಿ ಹೆಣೆದ ಭಾಗದಲ್ಲೇ ಓರೆಯಾಗಿ ಹೊಲಿಯಿರಿ. ಗಂಟು ಹಾಕಬೇಡಿ.

ಒದ್ದೆ ಮಾಡಿ ಹರಡುವುದು, ಅಂದರೆ ಬ್ಲಾಕಿಂಗ್, ಹೇಗೆ ಮಾಡಬೇಕು?

ಇದಕ್ಕೆ ಒಂದು ಇಡೀ ಸಂಜೆ ಎತ್ತಿಡಿ. ಬೇರೆ ಕೆಲಸದ ನಡುವೆ ಮಾಡುವಂಥದ್ದಲ್ಲ.

ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಉಣ್ಣೆಗೆಂದೇ ಇರುವ ಸೌಮ್ಯ ಸೋಪಿನ ಒಂದೆರಡು ಹನಿ. ಶಾಲನ್ನು ನೀರಿನ ಮೇಲಿಟ್ಟು ಅಂಗೈಯಿಂದ ಒತ್ತಿ ಮುಳುಗಿಸಿ, 20ರಿಂದ 30 ನಿಮಿಷ ಬಿಡಿ. ತಿಕ್ಕಬೇಡಿ, ಅಲುಗಿಸಬೇಡಿ. ನಲ್ಲಿಯ ಧಾರೆಯನ್ನು ನೇರವಾಗಿ ಅದರ ಮೇಲೆ ಬಿಡಬೇಡಿ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಉಣ್ಣೆಯ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಶಾಲು ಕಂಬಳಿಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ನೀರು ಬದಲಿಸುವಾಗಲೂ ಅಷ್ಟೇ ಬೆಚ್ಚಗಿನ ನೀರನ್ನೇ ಬಳಸಿ.

ಎತ್ತುವಾಗ ಎರಡೂ ಕೈಗಳಿಂದ ಪೂರ್ತಿ ಮುದ್ದೆಯನ್ನೇ ಎತ್ತಿ. ಒಂದು ತುದಿ ಹಿಡಿದು ಎತ್ತಿದರೆ ನೀರಿನ ಭಾರಕ್ಕೇ ಜಗ್ಗುತ್ತದೆ. ಹಿಂಡಬಾರದು, ತಿರುಚಬಾರದು, ಒತ್ತಿ ನೀರು ಇಳಿಸಿ. ದಪ್ಪ ಟವೆಲ್ ಮೇಲೆ ಹಾಸಿ, ಚಾಪೆ ಸುತ್ತುವಂತೆ ಸುತ್ತಿ, ಅದರ ಮೇಲೆ ನಿಂತು ನಿಧಾನಕ್ಕೆ ಹೆಜ್ಜೆ ಹಾಕಿ. ಟವೆಲ್ ಎಷ್ಟು ನೀರು ಹೀರುತ್ತದೆ ಎಂದು ಮೊದಲ ಸಲ ಆಶ್ಚರ್ಯವಾಗುತ್ತದೆ.

ಈಗ ಹರಡುವ ಜಾಗ. ಫೋಮ್ ಹಾಳೆಗಳಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಾರೂ ಮಲಗದ ಹಾಸಿಗೆಯ ಮೇಲೆ ಬಣ್ಣ ಬಿಡದ ಬಟ್ಟೆ ಹಾಸಿ. ಪಿನ್ನುಗಳು ತುಕ್ಕು ಹಿಡಿಯದವೇ ಆಗಿರಬೇಕು. ತ್ರಿಕೋನ ಶಾಲಾದರೆ ನಾನು ಅನುಸರಿಸುವ ಕ್ರಮ ಇದು: ಮೊದಲು ಮೇಲಂಚಿನ ನಡುಭಾಗಕ್ಕೆ ಒಂದು ಪಿನ್, ಅಲ್ಲಿಂದ ಬೆನ್ನಿನ ನೇರಕ್ಕೆ ಕೆಳತುದಿಗೆ ಒಂದು. ಆಮೇಲೆ ಮೇಲಂಚು ಎಡಕ್ಕೆ, ಬಲಕ್ಕೆ. ಅಂಚಿನ ಕುಣಿಕೆಗಳಲ್ಲಿ ತೆಳ್ಳನೆಯ ತಂತಿ ಪೋಣಿಸಿಕೊಂಡರೆ ನಲವತ್ತು ಪಿನ್ನಿನ ಕೆಲಸ ಆರೇಳರಲ್ಲಿ ಮುಗಿಯುತ್ತದೆ, ಗೆರೆಯೂ ನೇರವಾಗಿ ಬರುತ್ತದೆ. ಅಳತೆ ಟೇಪಿನಿಂದ ಎರಡೂ ರೆಕ್ಕೆಗಳನ್ನು ಅಳೆದು ಸಮ ಮಾಡಿ. ಅಂಚಿನ ಮೊನೆಗಳು ಕೊನೆಗೆ: ಒಂದು ಮೊನೆ ಎಳೆದು ಪಿನ್ ಚುಚ್ಚಿ, ಅದರ ಎದುರು ಬದಿಯ ಮೊನೆ ಎಳೆದು ಚುಚ್ಚಿ. ಒಂದು ಸುತ್ತಾದ ಮೇಲೆ ಮೊದಲು ಹಾಕಿದವು ಸಡಿಲ ಕಾಣುತ್ತವೆ. ಕಿತ್ತು ಇನ್ನೊಂದು ಬೆರಳಗಲ ಹೊರಗೆ ಚುಚ್ಚಿ. ಮೂರು ಸುತ್ತು ಹೀಗೆ ಹೋಗುವುದು ಸಹಜ. ನೂಲು ಬಿಗಿಯಾಗಿರಬೇಕು, ಆದರೆ ಬೆರಳಿಂದ ಮೀಟಿದರೆ ತಂತಿಯ ಹಾಗೆ ಕಂಪಿಸುವಷ್ಟಲ್ಲ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಶಾಲುಗಳನ್ನು ಮರದ ಚೌಕಟ್ಟಿಗೆ ಬಿಗಿದು ಒಣಗಿಸುತ್ತಿದ್ದರು. ಅಲ್ಲಿನ ಅನ್‌ಸ್ಟ್ ದ್ವೀಪದ ನಯವಾದ ಲೇಸ್ ಶಾಲುಗಳು ಮದುವೆಯ ಉಂಗುರದೊಳಗೆ ತೂರಿ ಹೋಗುವಷ್ಟು ತೆಳುವಾಗಿರುವುದರಿಂದ ಅವಕ್ಕೆ ಉಂಗುರದ ಶಾಲು ಎಂದೇ ಹೆಸರು. ರಷ್ಯಾದ ಓರೆನ್‌ಬರ್ಗಿನಲ್ಲಿ ಮೇಕೆಯ ಒಳತುಪ್ಪಳವನ್ನು ರೇಷ್ಮೆ ಎಳೆಯೊಂದಿಗೆ ಹುರಿಗೊಳಿಸಿ ಹೆಣೆಯುವ ಶಾಲುಗಳಿಗೂ ಇದೇ ಖ್ಯಾತಿ. ಅಂಥ ಶಾಲಿನ ತುಪ್ಪಳವೂ ಕೊನೆಗೆ ಎಳೆದು ಒಣಗಿಸಿದ ಮೇಲೆಯೇ ಅರಳುವುದು.

ಒಣಗಿತು ಎನ್ನಿಸಿದ ಮೇಲೂ ಒಂದು ರಾತ್ರಿ ಬಿಡಿ. ಮೊನೆಗಳ ತುದಿಯಲ್ಲಿ ತೇವ ಉಳಿದಿರುತ್ತದೆ. ಆಮೇಲೆ ಒಂದೊಂದೇ ಪಿನ್ ತೆಗೆಯಿರಿ. ಕೊನೆಯ ಪಿನ್ ಬಂದಾಗ ಶಾಲು ಒಂದು ಚೂರು ಉಸಿರು ಬಿಟ್ಟಂತೆ ಒಳಕ್ಕೆ ಸರಿಯುತ್ತದೆ, ಅಷ್ಟೇ. ಎತ್ತಿ ಹಿಡಿದರೆ ತೂಕವೇ ಇಲ್ಲದ ಹಾಗೆ ಗಾಳಿಗೆ ತೇಲುತ್ತದೆ. ಎಷ್ಟು ಶಾಲು ಮುಗಿಸಿದ್ದರೂ ಆ ಗಳಿಗೆಯಲ್ಲಿ ನನ್ನ ಕೈ ಈಗಲೂ ಸಣ್ಣಗೆ ನಡುಗುತ್ತದೆ.

ಎಲ್ಲ ನೂಲಿಗೂ ಇದೇ ವಿಧಾನವೇ?

ಕುರಿಯ ಉಣ್ಣೆಗೆ ಇದೇ. ಕೊಟ್ಟ ಆಕಾರವನ್ನು ಅದರಷ್ಟು ಚೆನ್ನಾಗಿ ನೆನಪಿಟ್ಟುಕೊಳ್ಳುವ ನೂಲು ಇನ್ನೊಂದಿಲ್ಲ. ಸೂಪರ್‌ವಾಶ್ ಉಣ್ಣೆ (ಒಗೆದರೂ ಕಂಬಳಿಯಾಗದಂತೆ ಸಂಸ್ಕರಿಸಿದ್ದು) ಒದ್ದೆಯಾದಾಗ ತೀರಾ ಬೆಳೆದುಬಿಡುತ್ತದೆ, ಎಳೆಯುವಾಗ ಕೈ ಹಗುರವಿರಲಿ. ರೇಷ್ಮೆಗೂ ಅಲ್ಪಾಕಕ್ಕೂ ಪುಟಿಯುವ ಗುಣ ಕಡಿಮೆ, ಜೋತುಬೀಳುವ ಗುಣ ಹೆಚ್ಚು. ಹತ್ತಿ ಒಣಗುವಾಗ ಚೆನ್ನಾಗಿ ಕಾಣುತ್ತದೆ, ಬಳಸುತ್ತಾ ಮತ್ತೆ ಮುದುಡುತ್ತದೆ.

ಅಕ್ರಿಲಿಕ್ ಬೇರೆಯೇ ಜಾತಿ. ಅದು ನೀರಿಗೆ ಬಗ್ಗುವುದಿಲ್ಲ, ಹಬೆಗೆ ಬಗ್ಗುತ್ತದೆ. ಪಿನ್ ಹಾಕಿ, ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಗೆ ತಾಗಿಸದೆ ಒಂದೆರಡು ಬೆರಳು ಮೇಲೆ ಹಿಡಿದು ಹಬೆ ಕೊಡಿ. ಒಮ್ಮೆ ಹಬೆ ತಗುಲಿ ಬದಲಾದ ಅಕ್ರಿಲಿಕ್ ಹಿಂದಿನ ಸ್ಥಿತಿಗೆ ಬರುವುದಿಲ್ಲ, ಆದ್ದರಿಂದ ಮೊದಲು ಒಂದು ತುಂಡಿನ ಮೇಲೆ ಮಾಡಿ ನೋಡಿ.

ಮುಗಿದ ಶಾಲನ್ನು ಹೇಗೆ ಎತ್ತಿಡಬೇಕು?

ಹ್ಯಾಂಗರಿಗೆ ನೇತುಹಾಕಬೇಡಿ, ಭಾರಕ್ಕೆ ಉದ್ದವಾಗುತ್ತದೆ. ಮಡಿಸಿಡಿ, ಪ್ರತಿ ಸಲವೂ ಬೇರೆ ಕಡೆ ಮಡಿಕೆ ಬರಲಿ. ತೊಳೆಯದೆ ಎತ್ತಿಡಲೇಬೇಡಿ. ಉಣ್ಣೆಯನ್ನು ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆಜಿಡ್ಡು ಇರುವ ಕಡೆಯೇ ಅದಕ್ಕೆ ಇಷ್ಟ. ಆಗಾಗ ಬೆಳಕಿಗೆ ತಂದು ಕೊಡವುವುದೂ ದೊಡ್ಡ ಕಾವಲು. ಪ್ರತಿ ಸಲ ಒಗೆದಾಗಲೂ ಮತ್ತೆ ಪಿನ್ ಹಾಕಿ ಹರಡಬೇಕಾಗುತ್ತದೆ.

ಶಾಲು ಮುಗಿಯಿತು, ಕೈ ಖಾಲಿ. ತಕ್ಷಣ ಇನ್ನೊಂದು ಶಾಲು ಹಿಡಿಯಲೇ?

ಮೊದಲು ಈ ಶಾಲು ನೀರಿಗೆ ಇಳಿಯಲಿ. ಬೈಂಡ್ ಆಫ್ ಆದ ಶಾಲನ್ನು ಚೀಲದಲ್ಲಿ ಹಾಕಿ ಹೊಸ ಉಂಡೆ ಬಿಚ್ಚಿದವರ ಶಾಲು ವರ್ಷಗಟ್ಟಲೆ ಆ ಚೀಲದಲ್ಲೇ ಇರುತ್ತದೆ. ಅದು ಪಿನ್ನಿನ ಮೇಲೆ ಒಣಗುತ್ತಿರುವಾಗ ಹೊಸದನ್ನು ಶುರು ಮಾಡಿ, ಖಂಡಿತ ಮಾಡಿ.

ಮತ್ತೆ ಲೇಸೇ ಹಿಡಿಯುವುದು ಬಿಡುವುದು ನಿಮ್ಮ ಇಷ್ಟ, ಆದರೆ ನನ್ನ ಅನುಭವದಲ್ಲಿ ತಿಂಗಳುಗಟ್ಟಲೆ ಚಾರ್ಟ್ (ವಿನ್ಯಾಸದ ಚೌಕಳಿ ನಕ್ಷೆ) ನೋಡಿದ ಕಣ್ಣಿಗೆ ಒಂದು ಬಿಡುವು ಬೇಕು. ಟೋಪಿ, ಕಾಲುಚೀಲ, ಸಾದಾ ಗಾರ್ಟರ್ ಹೆಣಿಗೆಯ ಮಗುವಿನ ಹೊದಿಕೆ: ಮಾತಾಡುತ್ತಾ ಹೆಣೆಯಬಹುದಾದದ್ದು ಒಂದು. ಅದರ ಜೊತೆಗೆ ಬೇಕಾದರೆ ಗಮನವಿಟ್ಟು ಹೆಣೆಯಬೇಕಾದದ್ದು ಇನ್ನೊಂದು. ಈ ಎರಡಕ್ಕಿಂತ ಹೆಚ್ಚು ಕೆಲಸ ಕಡ್ಡಿಯ ಮೇಲಿದ್ದರೆ ಯಾವ ಚಾರ್ಟಿನಲ್ಲಿ ಎಲ್ಲಿದ್ದೆ ಎಂದು ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ನಿಲ್ಲಿಸುವಾಗ ಸಾಲಿನ ಸಂಖ್ಯೆಯನ್ನೂ ಕಡ್ಡಿಯ ಅಳತೆಯನ್ನೂ ಚೀಟಿಯಲ್ಲಿ ಬರೆದು ಚೀಲಕ್ಕೆ ಹಾಕಿಡಿ.

ಹೊಸ ಕೆಲಸಕ್ಕೆ ನೂಲು ಆರಿಸುವಾಗ ಏನು ನೋಡಬೇಕು?

ಬಣ್ಣಕ್ಕಿಂತ ಮೊದಲು ಲೇಬಲ್ಲಿನಲ್ಲಿ ಮೀಟರ್ ನೋಡಿ. 100 ಗ್ರಾಂಗೆ ಸುಮಾರು 800 ಮೀಟರ್ ಇದ್ದರೆ ಲೇಸ್ ನೂಲು, 400 ಮೀಟರ್ ಆಸುಪಾಸಿದ್ದರೆ ಕಾಲುಚೀಲದ ದಪ್ಪದ ಫಿಂಗರಿಂಗ್. ಮೊದಲ ಶಾಲಿಗೆ ಎರಡನೆಯದೇ ಒಳ್ಳೆಯದು. ಒಂದಕ್ಕಿಂತ ಹೆಚ್ಚು ಲಡಿ ಬೇಕಾದರೆ ಎಲ್ಲದರ ಡೈ ಲಾಟ್ ಸಂಖ್ಯೆ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಒಂದೇ ಇರಲಿ. ಬಹುಬಣ್ಣದ ನೂಲು ಲಡಿಯಲ್ಲಿ ಮನಸೆಳೆಯುತ್ತದೆ, ಲೇಸಿನಲ್ಲಿ ವಿನ್ಯಾಸವನ್ನು ನುಂಗುತ್ತದೆ. ಕಪ್ಪು ಬಣ್ಣವನ್ನು ರಾತ್ರಿ ದೀಪದಲ್ಲಿ ಹೆಣೆಯುವವರಿಗೆ ನಾನು ಹೇಳುವುದಿಲ್ಲ.

ಮಾದರಿ ತುಂಡು ಹೆಣೆಯಲೇಬೇಕೇ?

ಶಾಲಿಗೆ ಬಿಟ್ಟರೂ ನಡೆದೀತು, ನೂಲಿನ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ಮೈಗೆ ಹೊಂದಬೇಕಾದ ಬಟ್ಟೆಗೆ ಬಿಡುವಂತಿಲ್ಲ. 10 ಸೆಂ.ಮೀ.ಗೆ 22 ಕುಣಿಕೆ ಎಂದು ಬರೆದಿರುವ ಸ್ವೆಟರಿನ ಎದೆ ಸುತ್ತಳತೆಗೆ 220 ಕುಣಿಕೆ, ಅಂದರೆ 100 ಸೆಂ.ಮೀ. ನಿಮ್ಮ ಕೈಗೆ 10 ಸೆಂ.ಮೀ.ಗೆ 20 ಬರುತ್ತಿದ್ದರೆ ಅದೇ ಸ್ವೆಟರ್ 110 ಸೆಂ.ಮೀ. ಆಗುತ್ತದೆ. ಎರಡೇ ಕುಣಿಕೆ ವ್ಯತ್ಯಾಸ, ಇನ್ನೊಬ್ಬರ ಸ್ವೆಟರ್! ಅಂಗೈಗಿಂತ ದೊಡ್ಡ ಚೌಕ ಹೆಣೆದು, ಒಗೆದು, ಒಣಗಿಸಿ, ಆಮೇಲೆ ನಡುಭಾಗದಲ್ಲಿ ಎಣಿಸಿ. ಒಗೆಯದೆ ಅಳೆದ ಮಾದರಿ ಸುಳ್ಳು ಹೇಳುತ್ತದೆ.

ಯಾರದೋ ಮಾದರಿ ಹಿಡಿಯದೆ ನನ್ನದೇ ಶಾಲು ಹೆಣೆಯುವ ಆಸೆ. ಎಲ್ಲಿಂದ ಶುರು?

ದುಂಡು ಶಾಲಿನಿಂದ. ಹೆಣಿಗೆ ಕಲಿಸುವುದರಲ್ಲಿ ದೊಡ್ಡ ಹೆಸರಾದ ಎಲಿಜಬೆತ್ ಝಿಮ್ಮರ್‌ಮನ್ (1910–1999) ಅವರ ಪೈ ಶಾಲಿನ ಲೆಕ್ಕ ಒಮ್ಮೆ ತಲೆಗೆ ಹೋದರೆ ಸಾಕು. ವೃತ್ತದ ತ್ರಿಜ್ಯ ಇಮ್ಮಡಿಯಾದಾಗ ಪರಿಧಿಯೂ ಇಮ್ಮಡಿಯಾಗುತ್ತದೆ. ಹಾಗಾದರೆ ಪ್ರತಿ ಸುತ್ತಿನಲ್ಲೂ ಕುಣಿಕೆ ಹೆಚ್ಚಿಸುವ ತೊಡಕೇಕೆ? ನಡುವಿನಲ್ಲಿ 9 ಕುಣಿಕೆಯಿಂದ ಶುರು ಮಾಡಿ, ಒಂದು ಸುತ್ತು ಹೆಣೆದು 18 ಮಾಡಿ. 3 ಸುತ್ತಿನ ನಂತರ 36. ಆಮೇಲೆ 6 ಸುತ್ತು ಹೆಣೆದು 72, 12 ಸುತ್ತು ಹೆಣೆದು 144, 24 ಸುತ್ತು ಹೆಣೆದು 288, 48 ಸುತ್ತು ಹೆಣೆದು 576. ಹೆಚ್ಚಿಸುವ ಸುತ್ತುಗಳ ನಡುವೆ ಕುಣಿಕೆ ಸಂಖ್ಯೆ ಬದಲಾಗುವುದೇ ಇಲ್ಲ, ಆದ್ದರಿಂದ ಆ ಸಂಖ್ಯೆಯನ್ನು ಭಾಗಿಸುವ ಯಾವ ಲೇಸ್ ವಿನ್ಯಾಸವನ್ನಾದರೂ ಅಲ್ಲಿ ಕೂರಿಸಬಹುದು. 72ರಲ್ಲಿ 6, 8, 9, 12 ಕುಣಿಕೆಯ ವಿನ್ಯಾಸಗಳೆಲ್ಲ ಸರಿಯಾಗಿ ಕೂರುತ್ತವೆ. ಕಾಗದದ ಮೇಲೆ ಈ ಲೆಕ್ಕ ಹಾಕುತ್ತಾ ಕೂತ ಸಂಜೆಗಳು ಹೆಣೆದ ಸಂಜೆಗಳಷ್ಟೇ ಸಂತೋಷ ಕೊಟ್ಟಿವೆ.

ಉಳಿದ ನೂಲಿನ ಚೂರನ್ನು ಏನು ಮಾಡುವುದು?

ತೂಗಿ, ತೂಕವನ್ನು ಲೇಬಲ್ಲಿನ ಮೇಲೆ ಬರೆದಿಡಿ. ಎರಡು ಮೀಟರಿನಷ್ಟನ್ನು ಮಾತ್ರ ಬೇರೆ ಮಾಡಿ, ಸಣ್ಣ ರಟ್ಟಿಗೆ ಸುತ್ತಿ ಶಾಲಿನ ಮಡಿಕೆಯೊಳಗೆ ಇಡಿ, ಶಾಲು ಒಗೆದಾಗಲೆಲ್ಲ ರಟ್ಟಿನಿಂದ ಬಿಚ್ಚಿ ಅದನ್ನೂ ಒಗೆಯಿರಿ. ಹತ್ತು ವರ್ಷದ ಮೇಲೆ ಯಾವುದೋ ಬಳೆಗೆ ಸಿಕ್ಕಿ ಒಂದು ಎಳೆ ಹರಿದರೆ, ಹೊಲಿಯಲು ಶಾಲಿನಷ್ಟೇ ಮಾಸಿದ ಅದೇ ಬಣ್ಣದ ನೂಲು ಕೈಗೆ ಸಿಗುತ್ತದೆ.